‘ಏರ್ ಪಂಪ್’ ಅಂತ ಬರೆದು ಕೆಟ್ಟೆವು

ಮಾನ್ಯ ಸಂಪಾದಕರೇ,

ಹೊರದೇಶದಿಂದ ಸಾಮಾನು ತರಿಸುವವರೆಲ್ಲ ಕಸ್ಟಮ್ಸ್‌ನವರನ್ನು ಬೈಯುವುದು ವಾಡಿಕೆ. ನಾನೂ ಬೇಕಾದಷ್ಟು ಬೈದಿದ್ದೇನೆ. ಈ ಸಲ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುತ್ತೇನೆ.

ಪೀಣ್ಯದಲ್ಲಿ ನಮ್ಮದು ಸಣ್ಣ ವ್ಯಾಪಾರ. ಪೇಂಟ್, ಡೈ, ಕೆಮಿಕಲ್ ಕಾರ್ಖಾನೆಗಳಿಗೆ ಪಂಪ್ ಕೊಡುತ್ತೇವೆ. ಹಿಂದೊಮ್ಮೆ ಡಯಾಫ್ರಂ ಪಂಪ್ ತರಿಸಿದ್ದೆವು. ಇದಕ್ಕೆ ಮೋಟಾರ್ ಇರುವುದಿಲ್ಲ. ಕಂಪ್ರೆಸರ್‌ನಿಂದ ಗಾಳಿ ಕೊಟ್ಟರೆ ಸಾಕು, ಒಳಗಿನ ಎರಡು ಡಯಾಫ್ರಂಗಳು, ಅಂದರೆ ಬಗ್ಗುವ ಪೊರೆಗಳು, ಟಕ್ ಟಕ್ ಅಂತ ಅತ್ತ ಇತ್ತ ಆಡಿ ಪೇಂಟನ್ನು ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ತಳ್ಳುತ್ತವೆ. ಗಾಳಿಯಲ್ಲಿ ಓಡುವ ಪಂಪ್ ಅಲ್ವಾ, ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ‘ಏರ್ ಪಂಪ್’. ಕಳಿಸಿದವರೂ ಇನ್‌ವಾಯ್ಸ್‌ನಲ್ಲಿ ಅದನ್ನೇ ಬರೆದರು. ಏರ್ ಪಂಪ್, ಇಷ್ಟು ನಗ. ಅಷ್ಟೇ.

ಸುಂಕದ ಪಟ್ಟಿಯಲ್ಲಿ ಏರ್ ಪಂಪ್ ಅಂದರೆ ಗಾಳಿಯನ್ನು ತಳ್ಳುವ ಪಂಪ್. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪ್, ವ್ಯಾಕ್ಯೂಮ್ ಪಂಪ್, ಕಂಪ್ರೆಸರ್ ಎಲ್ಲ ಆ ಪಟ್ಟಿಯ 8414 ಎಂಬ ಸಂಖ್ಯೆಯಲ್ಲಿ ಬರುತ್ತವೆ. ನೀರು, ಎಣ್ಣೆ, ಪೇಂಟ್ ಥರದ ದ್ರವ ತಳ್ಳುವ ಪಂಪ್‌ಗಳ ಜಾಗ 8413. ಪಂಪ್ ಏನನ್ನು ತಳ್ಳುತ್ತದೆ ಅನ್ನುವುದು ಅಲ್ಲಿ ಲೆಕ್ಕ. ನಮ್ಮ ಸಿಎಚ್‌ಎ, ಅಂದರೆ ನಮ್ಮ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಸುವ ಏಜೆಂಟರು, ಸರಿಯಾಗಿಯೇ 8413 ಹಾಕಿದ್ದರು. ಇನ್‌ವಾಯ್ಸ್ ಬೇರೆ ಕಥೆ ಹೇಳುತ್ತಿತ್ತು. ಕಸ್ಟಮ್ಸ್ ಅಧಿಕಾರಿಯಿಂದ ಕ್ವೆರಿ ಬಂತು, ವಿವರಣೆ ಕೊಡಿ ಅಂತ. ಕ್ಯಾಟಲಾಗ್ ಹಾಕಿದೆವು. ನಾಲ್ಕು ಪುಟ ಬಣ್ಣಬಣ್ಣದ ಫೋಟೊ, ಪಂಪಿನ ಒಳಗೆ ಏನಿದೆ ಅಂತ ತೋರಿಸುವ ಚಿತ್ರ ಒಂದೂ ಇಲ್ಲ. ಮತ್ತೆ ಕ್ವೆರಿ. ಅತ್ತ ಡೆಮರೇಜ್, ಅಂದರೆ ಸಾಮಾನು ಬಿಡಿಸಿಕೊಳ್ಳದೆ ಬಿದ್ದಿದ್ದಕ್ಕೆ ಕಟ್ಟುವ ದಂಡದ ಬಾಡಿಗೆ, ಆಟೊ ಮೀಟರಿನ ಹಾಗೆ ಓಡುತ್ತಲೇ ಇತ್ತು.

ಆ ಅಧಿಕಾರಿಯ ಕುರ್ಚಿಯಲ್ಲಿ ಕೂತು ನೋಡಿ. ಮುಖ ನೋಡದೆ ಕಂಪ್ಯೂಟರಿನಲ್ಲೇ ಕಾಗದ ಪರಿಶೀಲಿಸುವ ಫೇಸ್‌ಲೆಸ್ ಅಸೆಸ್‌ಮೆಂಟ್ 2020ರ ಜೂನ್‌ನಲ್ಲಿ ಶುರುವಾಗಿದ್ದೇ ಬೆಂಗಳೂರು ಮತ್ತು ಚೆನ್ನೈಯಲ್ಲಿ, ಅದೂ ಸುಂಕದ ಪಟ್ಟಿಯ 84 ಮತ್ತು 85ನೇ ಅಧ್ಯಾಯದ ಸಾಮಾನುಗಳಿಗೆ. ಪಂಪ್ ಇರುವುದು 84ರಲ್ಲೇ. ಆ ವರ್ಷದ ಅಕ್ಟೋಬರ್ ಕೊನೆಗೆ ಅದು ದೇಶಕ್ಕೆಲ್ಲ ಬಂತು. ಮೊದಲಾದರೆ ಕಚೇರಿಗೆ ಹೋಗಿ, ‘ಸಾರ್, ಇದು ಹೀಗೆ ಓಡುತ್ತೆ’ ಅಂತ ಕೈ ಆಡಿಸಿ ತೋರಿಸಬಹುದಿತ್ತು. ಈಗ ನಮ್ಮ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣೆ ನೋಡುವವರು ಯಾವ ಊರಿನಲ್ಲಿ ಇದ್ದಾರೋ! ಅವರ ಕಣ್ಣಿಗೆ ಬೀಳುವುದು ಕಸ್ಟಮ್ಸ್‌ನ ಇ-ಸಂಚಿತ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಿದ ಕಾಗದ ಮಾತ್ರ. ಅದರಲ್ಲಿ ಪಂಪ್ ಕಾಣದಿದ್ದರೆ ಅವರಾದರೂ ಏನು ಮಾಡಬೇಕು?

ಅದಕ್ಕೇ ಹೇಳುವುದು, ಕಂಟೇನರ್ ಬಂದ ಮೇಲೆ ಕಾಗದ ಹುಡುಕಬೇಡಿ. ಆರ್ಡರ್ ಕೊಡುವ ದಿನವೇ ತಯಾರಕರಿಂದ ಒಂದು ಪುಟ ಬರೆಸಿಕೊಳ್ಳಿ. ಪಂಪ್ ಏನು ತಳ್ಳುತ್ತದೆ, ಹೇಗೆ ತಳ್ಳುತ್ತದೆ ಅನ್ನುವುದು ಅದರಲ್ಲಿರಲಿ. ಈ ‘ಹೇಗೆ’ಯಲ್ಲೇ ಎಲ್ಲ ಇದೆ. ಪಿಸ್ಟನ್, ಪ್ಲಂಜರ್ ಅಥವಾ ಡಯಾಫ್ರಂ ಹಿಂದೆ ಮುಂದೆ ಆಡಿದರೆ 8413.50. ಗೇರ್, ಸ್ಕ್ರೂ, ವೇನ್ ತಿರುಗಿ ತಳ್ಳಿದರೆ 8413.60. ಇಂಪೆಲ್ಲರ್ ಇರುವ ಸೆಂಟ್ರಿಫ್ಯೂಗಲ್ ಆದರೆ 8413.70, ನಮ್ಮ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಕೂಡ ಇಲ್ಲೇ. ಆದರೆ ಅಳೆಯುವ ಮೀಟರ್ ಕೂಡಿದ್ದರೆ, ಕೈಯಲ್ಲಿ ಒತ್ತುವ ಪಂಪ್ ಆದರೆ, ಇಂಜಿನ್ನಿಗೆ ಕೂರಿಸುವ ಇಂಧನದ ಪಂಪ್ ಆದರೆ, ಕಾಂಕ್ರೀಟ್ ಪಂಪ್ ಆದರೆ ಇವಕ್ಕೆಲ್ಲ ಮೊದಲೇ ಬೇರೆ ಬೇರೆ ಮನೆ ಕಟ್ಟಿಟ್ಟಿದ್ದಾರೆ. ಪಂಪನ್ನು ಸೀಳಿ ಒಳಗು ತೋರಿಸುವ ಒಂದು ಡ್ರಾಯಿಂಗ್, ಜೊತೆಗೆ ನೇಮ್‌ಪ್ಲೇಟಿನ ಫೋಟೊ ಇದ್ದರೆ ಅರ್ಧ ತಲೆನೋವು ಕಡಿಮೆ.

ಸ್ಪೇರ್ಸ್ ವಿಷಯ ಇನ್ನೂ ಮಜಾ. ಒಂದೇ ಪಂಪಿನ, ಒಂದೇ ಅಳತೆಯ ಎರಡು ಡಯಾಫ್ರಂ ಮೇಜಿನ ಮೇಲಿಡಿ. ಒಂದು ಬಿಳಿ ಟೆಫ್ಲಾನ್, ಇನ್ನೊಂದು ಬರೀ ಕಪ್ಪು ರಬ್ಬರ್. ಟೆಫ್ಲಾನಿನದು ಪಂಪಿನ ಬಿಡಿಭಾಗ ಅಂತ 8413.91ಕ್ಕೆ ಹೋಗುತ್ತದೆ. ರಬ್ಬರಿನದು 4016ಕ್ಕೆ, ಅಂದರೆ ರಬ್ಬರಿನ ಅಧ್ಯಾಯಕ್ಕೆ. ಯಂತ್ರಗಳಲ್ಲಿ ಬಳಸುವ ರಬ್ಬರ್ ಸಾಮಾನು ಯಂತ್ರದ ಭಾಗವಲ್ಲ ಅಂತ ಸುಂಕದ ಪಟ್ಟಿಯಲ್ಲಿ ಯಂತ್ರಗಳ 16ನೇ ವಿಭಾಗದ ಮೊದಲ ಟಿಪ್ಪಣಿಯಲ್ಲೇ ಇದೆ. ಮೆಕ್ಯಾನಿಕಲ್ ಸೀಲ್ 8484ಕ್ಕೆ. ಮೋಟಾರ್ ಪಂಪಿನ ಜೊತೆ ಒಂದೇ ಬೇಸ್‌ಪ್ಲೇಟಿನ ಮೇಲೆ ಬಂದರೆ ಎಲ್ಲ ಸೇರಿ ಪಂಪ್. ಬಿಡಿಯಾಗಿ ತರಿಸಿದರೆ 8501. ಇನ್ನು ಪಂಪೇ ಸೆರಾಮಿಕ್‌ನದಾದರೆ 84ನೇ ಅಧ್ಯಾಯದಲ್ಲಿ ಜಾಗವೇ ಇಲ್ಲ. 69ಕ್ಕೆ, ಉಪ್ಪಿನಕಾಯಿ ಜಾಡಿಗಳ ಪಕ್ಕಕ್ಕೆ! ತಮಾಷೆ ಅಲ್ಲ, 84ನೇ ಅಧ್ಯಾಯದ ಟಿಪ್ಪಣಿಯಲ್ಲಿ ಉದಾಹರಣೆಗೆ ಕೊಟ್ಟಿರುವುದೇ ಪಂಪನ್ನು. ಇಷ್ಟೆಲ್ಲ ಇರುವಾಗ ‘ಪಂಪ್ ಮತ್ತು ಸ್ಪೇರ್ಸ್, ಒಂದು ಸೆಟ್’ ಅಂತ ಬಂದ ಇನ್‌ವಾಯ್ಸನ್ನು ಸುಮ್ನೆ ವಾಪಸ್ ಕಳಿಸಿ ಬಿಡಿಸಿ ಬರೆಸುವುದೇ ಸರಿ. ಯಾವುದು ಯಾವುದರಿಂದ ಮಾಡಿದ್ದು ಅಂತಲೂ ಇರಬೇಕು.

‘ಅದೆಲ್ಲ ಸಿಎಚ್‌ಎ ನೋಡ್ಕೋತಾರೆ ಬಿಡಿ’ ಅನ್ನುವವರು ಜಾಸ್ತಿ. ನಾವು ಹೇಳದ್ದನ್ನು ಅವರು ಎಲ್ಲಿಂದ ತರುತ್ತಾರೆ? 2011ರಿಂದ ಸುಂಕ ಲೆಕ್ಕ ಹಾಕಿ ಘೋಷಿಸುವ ಹೊಣೆ ಆಮದು ಮಾಡುವವನದೇ. ಕಡಿಮೆ ಕಟ್ಟಿದ್ದು ಕಂಡರೆ 2 ವರ್ಷದೊಳಗೆ ನೋಟಿಸ್ ಬರಬಹುದು. ಬೇಕೆಂದೇ ಮುಚ್ಚಿಟ್ಟಿರಿ ಅಂತಾದರೆ 5 ವರ್ಷದವರೆಗೆ. ನಿಜಕ್ಕೂ ಗೊಂದಲ ಇರುವ ಸಾಮಾನಿಗೆ ಮುಂಚಿತವಾಗಿ ತೀರ್ಮಾನ ಕೇಳುವ ದಾರಿಯೂ ಇದೆ. ಅದಕ್ಕೆ ದೆಹಲಿ ಮತ್ತು ಮುಂಬೈಯಲ್ಲಿ ಪ್ರಾಧಿಕಾರಗಳಿವೆ, ತೀರ್ಮಾನ ಕೆಲವು ವರ್ಷ ನಡೆಯುತ್ತದೆ. ವರ್ಷಕ್ಕೆ ನಾಲ್ಕು ಪೆಟ್ಟಿಗೆ ತರಿಸುವ ನಮ್ಮಂಥವರಿಗೆ ಅದು ದೂರದ ಮಾತು.

ಈಗ ಇಲಾಖೆಗೆ ಒಂದು ಮಾತು. ಕೆಲವು ರಾಸಾಯನಿಕಗಳನ್ನು ತರಿಸುವಾಗ ಸಿಎಎಸ್ ನಂಬರಿನಂಥ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಹೆಚ್ಚಿನ ವಿವರ ಕೊಡಲೇಬೇಕು ಅಂತ ಕೇಂದ್ರದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ 2023ರಲ್ಲಿ ಸುತ್ತೋಲೆ ಹೊರಡಿಸಿತು. ಪಂಪಿಗೂ ಹಾಗೇ ಮೂರು ಖಾನೆ ಇಡಲಿ: ಏನನ್ನು ತಳ್ಳುತ್ತದೆ, ಹೇಗೆ ತಳ್ಳುತ್ತದೆ, ಪೆಟ್ಟಿಗೆಯಲ್ಲಿ ಜೊತೆಗೆ ಏನೇನಿದೆ. ಹೇಗಿದ್ದರೂ ಕ್ವೆರಿಯಲ್ಲಿ ಕೇಳುವುದು ಇವನ್ನೇ. ಮೊದಲೇ ಕೇಳಿದರೆ ಅವರಿಗೂ ಒಂದು ಸುತ್ತು ಉಳಿಯುತ್ತದೆ, ನಮಗೂ ಡೆಮರೇಜ್ ಉಳಿಯುತ್ತದೆ.

ನಾವಂತೂ ಕಾಯಲಿಲ್ಲ. ‘ದ್ರವ ಸಾಗಿಸುವ ಎರಡು ಡಯಾಫ್ರಂ ಪಂಪ್, ಗಾಳಿಯ ಒತ್ತಡದಿಂದ ಓಡುವುದು, ಮೋಟಾರ್ ಇಲ್ಲ, ಮೀಟರ್ ಇಲ್ಲ’ ಅಂತಲೇ ಇನ್‌ವಾಯ್ಸ್‌ನಲ್ಲಿ ಬರೆಯಿರಿ ಅಂದೆವು. ಅಷ್ಟುದ್ದ ತಮ್ಮ ಸಾಫ್ಟ್‌ವೇರಿನಲ್ಲಿ ಒಂದು ಸಾಲಿಗೆ ಹಿಡಿಯುವುದಿಲ್ಲ ಅಂತ ಕಳಿಸುವವರು ಗೊಣಗಿದರು. ಎರಡು ಸಾಲು ಮಾಡಿ ಅಂದೆವು. ಮಾಡಿದರು.

– ಒಬ್ಬ ಪಂಪ್ ವ್ಯಾಪಾರಿ, ಪೀಣ್ಯ, ಬೆಂಗಳೂರು