ದಾನಿ ಹೊಂದಾಣಿಕೆ ಬಗ್ಗೆ ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. "ರೋಗಿಯದೂ ನನ್ನದೂ ಒಂದೇ ರಕ್ತದ ಗುಂಪು, ನಾನು ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲ ಕೋಶ) ಕೊಡಬಹುದಾ?" ಎಂದು ಗುಂಪಿನಲ್ಲಿ ಹಲವರು ಕೇಳುತ್ತಿದ್ದೀರಿ. ಕೊಡುವ ಮನಸ್ಸು ದೊಡ್ಡದು. ಆದರೆ ಇಲ್ಲಿ ಮುಖ್ಯವಾಗಿ ನೋಡುವುದು ಎಚ್‌ಎಲ್‌ಎ ಗುರುತುಗಳನ್ನು, ಅಂದರೆ ಯಾವುದು ತನ್ನದು ಯಾವುದು ಹೊರಗಿನದು ಎಂದು ದೇಹ ಗುರುತಿಸಲು ಕೋಶಗಳ ಮೇಲಿರುವ ಪ್ರೋಟೀನ್‌ಗಳನ್ನು. ರಕ್ತದ ಗುಂಪು ಬೇರೆಯಾದರೂ ಕಸಿ ಮಾಡಬಹುದು, ಆಮೇಲೆ ರೋಗಿಯ ಗುಂಪೇ ನಿಧಾನವಾಗಿ ದಾನಿಯ ಗುಂಪಿಗೆ ಬದಲಾಗುತ್ತದೆ!

ಈ ಗುರುತುಗಳ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿವೆ. ಸಾಮಾನ್ಯವಾಗಿ ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1 ಎಂಬ 5 ಜೀನ್ ನೋಡುತ್ತಾರೆ, ಒಂದೊಂದಕ್ಕೂ ಅಪ್ಪನಿಂದ ಒಂದು ಅಮ್ಮನಿಂದ ಒಂದು ಪ್ರತಿ ಬರುವುದರಿಂದ ಒಟ್ಟು 10 ಆಗುತ್ತದೆ, ವರದಿಯಲ್ಲಿ 10ಕ್ಕೆ 10 ಎಂದು ಬರೆಯುವುದು ಅದಕ್ಕೇ. ಇವು ಹೆಚ್ಚಾಗಿ ಗೊಂಚಲಾಗಿ ಒಟ್ಟಿಗೇ ಇಳಿದು ಬರುತ್ತವೆ. ಹಾಗಾಗಿ ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ಶೇ. 25 ಮಾತ್ರ. ತಮ್ಮನದು ಹೊಂದಲಿಲ್ಲ ಎಂದು ದಯವಿಟ್ಟು ಯಾರೂ ಅವನ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅದು ಅವನ ಕೈಯಲ್ಲಿಲ್ಲ ಅಲ್ವಾ?

ಹೊಂದಾಣಿಕೆ ಕಡಿಮೆಯಾದಷ್ಟೂ ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವ ಅಪಾಯ ಜಾಸ್ತಿ. ಆದರೂ ಅಪ್ಪ, ಅಮ್ಮ ಅಥವಾ ಮಕ್ಕಳಿಂದ ಅರ್ಧ ಹೊಂದಿಕೆಯ ಕಸಿಯನ್ನು ಈಗ ಮಾಡುತ್ತಾರೆ. ಕಸಿಯಾದ ಕೆಲವು ದಿನಕ್ಕೆ ಸೈಕ್ಲೋಫಾಸ್ಫಮೈಡ್ ಔಷಧ ಕೊಟ್ಟು ಈ ದಾಳಿಯನ್ನು ತಗ್ಗಿಸುತ್ತಾರೆ. ಬಾಗಿಲು ಮುಚ್ಚಿತು ಎಂದು ಅಂದುಕೊಳ್ಳಬೇಡಿ, ವೈದ್ಯರನ್ನು ಕೇಳಿ.

ದಾನಿಯಾಗಿ ಹೆಸರು ಬರೆಸಲು ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ಕೊಟ್ಟರೆ ಸಾಕು. ಈಗಾಗಲೇ ಬರೆಸಿದವರು ಫೋನ್ ನಂಬರ್ ಬದಲಾಗಿದ್ದರೆ ಇವತ್ತೇ ನೋಂದಣಿ ಸಂಸ್ಥೆಗೆ ತಿಳಿಸಿ.