ಜನವರಿವರೆಗೆ ಗರಿಕೆ ಚಾಪೆ ಇಲ್ಲ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಜೂನ್ 1ರಿಂದ ಜನವರಿ 31ರವರೆಗೆ ಗೋವಾದ ವಾಸ್ಕೋದಲ್ಲಿರುವ ನಮ್ಮ ಸಹಕಾರಿ ನರ್ಸರಿಯಲ್ಲಿ ಹೈಬ್ರಿಡ್ ಗರಿಕೆಯ ಚಾಪೆ, ಅಂದರೆ ಬೇರುಸಮೇತ ಕತ್ತರಿಸಿದ ಹುಲ್ಲುಹಾಸು, ಸಿಗುವುದಿಲ್ಲ. ನೀವು ‘ಬರ್ಮುಡಾ ಲಾನ್’ ಎಂದು ಆರ್ಡರ್ ಬರೆಸುವುದು ಇದನ್ನೇ. ಮೆಕ್ಸಿಕನ್ ಹುಲ್ಲು, ಕಾರ್ಪೆಟ್ ಗ್ರಾಸ್, ಹೂಗಿಡ, ಕುಂಡ, ಗೊಬ್ಬರ ಎಲ್ಲವೂ ಎಂದಿನಂತೆ ಸಿಗುತ್ತವೆ, ದರವೂ ಹಳೆಯದೇ. ಗರಿಕೆಗೆ ಮುಂಗಡ ಕೊಟ್ಟವರಿಗೆ ಎರಡು ದಾರಿ ಇದೆ: ಹಣ ಪೂರ್ತಿ ವಾಪಸ್ ಪಡೆಯಬಹುದು, ಇಲ್ಲವೇ ಫೆಬ್ರವರಿಯ ಸರದಿಯಲ್ಲಿ ಹೆಸರು ಮುಂದೆ ಉಳಿಸಿಕೊಳ್ಳಬಹುದು. ಯಾವುದೆಂದು ಜೂನ್ 15ರೊಳಗೆ ಹೇಳಿದರೆ ಸಾಕು.

ಕಾರಣ ಫುಟ್ಬಾಲ್. ಇಲ್ಲಿನ ಕ್ಲಬ್ಬು ಕಟ್ಟಲು ಹೊರಟಿರುವ ಹೊಸ ಕ್ರೀಡಾಂಗಣದ ಹುಲ್ಲನ್ನು ನಾವು ಬೆಳೆಸಿಕೊಡಲು ಒಪ್ಪಿದ್ದೇವೆ. ವಾರ್ಷಿಕ ಸಭೆಯಲ್ಲಿ ಸದಸ್ಯರು ಒಪ್ಪಿದ ಷರತ್ತು ಇಷ್ಟೆ: ಬೆಳೆಸಿದ ಖರ್ಚಿಗೆ ಹುಲ್ಲು, ಲಾಭ ಬೇಡ, ದಾನವೂ ಅಲ್ಲ. ಪುಕ್ಕಟೆ ಕೊಟ್ಟ ಹುಲ್ಲಿಗೆ ನೀರು ಹಾಕುವವರು ಇರುವುದಿಲ್ಲ ಎಂಬುದು ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತು.

‘ಒಂದು ಮೈದಾನಕ್ಕಾಗಿ ಎಂಟು ತಿಂಗಳು ಅಂಗಡಿ ಮುಚ್ಚಬೇಕೇ?’ ಎಂದು ಕೆಲವರು ಕೇಳಿದ್ದಾರೆ. ಲೆಕ್ಕ ನೋಡಿ. ಆಟದ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಸುತ್ತ ಐದೈದು ಮೀಟರ್ ಬಿಟ್ಟರೆ 115 × 78, ಅಂದರೆ ಸುಮಾರು 9,000 ಚದರ ಮೀಟರ್ ಹುಲ್ಲು. ನಮ್ಮಲ್ಲಿರುವ ಗರಿಕೆ ಪಾತಿ ಅರ್ಧ ಎಕರೆ, ಊರ ಕಡೆಯ ಲೆಕ್ಕದಲ್ಲಿ 20 ಗುಂಟೆ, ಹೆಚ್ಚೂಕಡಿಮೆ 2,000 ಚದರ ಮೀಟರ್. ಚಾಪೆಯಾಗಿ ಹಾಸಲು ಹೋದರೆ ಮೈದಾನದ ಕಾಲುಭಾಗವೂ ತುಂಬದು. ಆದ್ದರಿಂದ ಕಡ್ಡಿ, ಅಂದರೆ ಗೆಣ್ಣಿರುವ ಹುಲ್ಲಿನ ತುಂಡು, ನೆಡುವುದು. ಒಂದು ಚದರ ಮೀಟರ್ ಪಾತಿಯನ್ನು ಬಿಡಿಸಿದರೆ ಎಂಟರಿಂದ ಹತ್ತು ಚದರ ಮೀಟರ್‌ಗೆ ಸಾಕಾಗುವಷ್ಟು ಕಡ್ಡಿ ಬರುತ್ತದೆ. ಎಂಟರ ಲೆಕ್ಕಕ್ಕೇ 1,125 ಚದರ ಮೀಟರ್ ಬೇಕು. ಸತ್ತ ಕಡೆ ಮರುನಾಟಿಗೆಂದು ಐದರಲ್ಲೊಂದು ಪಾಲು ಸೇರಿಸಿದರೆ 1,350. ಉಳಿದದ್ದು ತಾಯಿಪಾತಿ; ಅದನ್ನು ಕಿತ್ತರೆ ಮುಂದಿನ ವರ್ಷ ನಿಮಗೆ ಕೊಡಲು ಏನೂ ಇರುವುದಿಲ್ಲ. ಈ ಹೈಬ್ರಿಡ್, ಟಿಫ್‌ವೇ 419 ಎಂಬ ತಳಿ, ಬೀಜ ಕಟ್ಟುವುದಿಲ್ಲ. ಕಡ್ಡಿಯಿಂದಲೇ ಕಡ್ಡಿ.

ಜೊತೆಗೆ ಗೋವಾದ ಮಳೆ. ಮೇ ಕೊನೆಯಲ್ಲಿ ಚಾಪೆ ಕತ್ತರಿಸಿದ ಪಾತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕೆಳಗೆ ಸುಮ್ಮನೆ ಕೂತಿರುತ್ತದೆ. ಗರಿಕೆಗೆ ದಿನಕ್ಕೆ ಆರರಿಂದ ಎಂಟು ತಾಸು ನೇರ ಬಿಸಿಲು ಬೇಕು. ನೀರಿದ್ದೂ ಬಿಸಿಲಿಲ್ಲದಿದ್ದರೆ ಕಡ್ಡಿ ಉದ್ದವಾಗುತ್ತದೆ, ದಟ್ಟವಾಗುವುದಿಲ್ಲ. ಅಕ್ಟೋಬರ್ ಮೊದಲ ಎರಡು ವಾರಗಳಲ್ಲಿ ನಾಟಿ ಆಗಬೇಕಾದರೆ ಪಾತಿಯನ್ನು ಈಗಿನಿಂದಲೇ ಮುಟ್ಟದೆ ಬಿಡಬೇಕು.

ಇನ್ನು ಈ ಯೋಜನೆಯನ್ನು ಬೆಂಬಲಿಸುವುದೇಕೆ ಎಂಬ ಪ್ರಶ್ನೆ. ವಾಸ್ಕೋದಲ್ಲಿ ತಿಲಕ್ ಮೈದಾನ ಇದೆ, ಮಡಗಾಂವ್ ಹತ್ತಿರ 1989ರ ಫಾತೋರ್ಡಾ ಇದೆ. 2017ರ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳೂ ಅಲ್ಲಿ ನಡೆದವು. ಆದರೆ ಹುಲ್ಲಿಗೂ ರಜೆ ಬೇಕು. 2020-21ರಲ್ಲಿ ಕೊರೊನಾ ಕಾರಣಕ್ಕೆ ಇಡೀ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್ಬಾಲ್ ಗೋವಾದಲ್ಲೇ ನಡೆದಾಗ ಫಾತೋರ್ಡಾ, ಬಾಂಬೋಳಿ, ತಿಲಕ್ ಮೈದಾನ ಮೂರೂ ಬೇಕಾದವು, ಅಭ್ಯಾಸಕ್ಕೆ ಬೇರೆ ಮೈದಾನಗಳು. ದೊಡ್ಡ ಪಂದ್ಯಗಳ ಮಧ್ಯೆ ನಮ್ಮ ಬೈನಾ, ಜುವಾರಿನಗರದ ಹುಡುಗರಿಗೆ ಸರದಿ ಯಾವಾಗ? ಮನೆಯಲ್ಲಿ ವಿಜಯಪುರ, ಗದಗ, ಕೊಪ್ಪಳದ ಕನ್ನಡ, ಆಟದಲ್ಲಿ ಕೊಂಕಣಿ, ಮಂಡಿಯಲ್ಲಿ ಕೆಂಪು ಮಣ್ಣು. ಅವರು ಆಡುತ್ತಿರುವುದು ಜಂಬಿಟ್ಟಿಗೆ ನೆಲದ ಮೇಲೆ.

ಬೆಂಬಲ ಎಂದರೆ ಕಣ್ಣುಮುಚ್ಚಿ ಸಹಿ ಅಲ್ಲ. ಕ್ಲಬ್ಬಿನ ನಕ್ಷೆ ನೋಡಿ ನಾವು ಹೇಳಿದ ಮೊದಲ ಮಾತು: ಗ್ಯಾಲರಿಯನ್ನು ಹತ್ತು ವರ್ಷ ಬಿಟ್ಟೂ ಕಟ್ಟಬಹುದು, ಚರಂಡಿಯನ್ನು ಆಮೇಲೆ ಹಾಕಲಾಗದು. ಜುಲೈಯ ಒಂದು ದಿನ 100 ಮಿಲಿಮೀಟರ್ ಸುರಿದರೆ 9,000 ಚದರ ಮೀಟರ್ ಮೇಲೆ 9 ಲಕ್ಷ ಲೀಟರ್ ನೀರು ಬಿದ್ದಂತೆ. ಗಟ್ಟಿ ಜಂಬಿಟ್ಟಿಗೆ ಕಲ್ಲು ನೀರು ಕುಡಿಯುತ್ತದೆ ನಿಜ. ಆದರೆ ಜೆಸಿಬಿ ಕೆರೆದು, ರೋಲರ್ ಓಡಿಸಿದ ಮೇಲೆ ಅದರ ಪುಡಿ ಜೇಡಿಯಂತೆ ಅಂಟಿ ನೆಲ ತಟ್ಟೆಯಾಗುತ್ತದೆ. ಹಾಗಾಗಿ ತಳವನ್ನು ಇಳಿಜಾರಾಗಿ ಕೆತ್ತಿ, ಐದೈದು ಮೀಟರ್‌ಗೆ ಒಂದರಂತೆ ತೂತಿನ 100 ಮಿ.ಮೀ. ಕೊಳವೆ ಹಾಸಬೇಕು, ಅಡ್ಡಸಾಲುಗಳೇ ಸುಮಾರು 1,870 ಮೀಟರ್ ಆಗುತ್ತವೆ. ಇಳಿಜಾರು ನೂರು ಮೀಟರ್‌ಗೆ ಅರ್ಧ ಮೀಟರ್‌ಗಿಂತ ಕಡಿಮೆ ಇರಬಾರದು. ಮೇಲೆ 10 ಸೆಂ.ಮೀ. ತೊಳೆದ ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು. ಮರಳೊಂದೇ 2,700 ಘನ ಮೀಟರ್.

ಎಲ್ಲರೂ ಎಡವುವುದು ಈ ಮರಳಿನಲ್ಲೇ. ಸಮುದ್ರದ ಮರಳು ಉಪ್ಪು. ನದಿ ಮರಳು ಅಕ್ರಮವಾಗಿ ಬಂದದ್ದಾದರೆ ನಮಗೆ ಬೇಡ. ಉಳಿದದ್ದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಅದೂ ತೊಳೆದದ್ದು. ತೊಳೆಯದಿದ್ದರೆ ಕ್ರಷರ್ ಪುಡಿ ಜಲ್ಲಿಯ ಸಂದಿಗೆ ಇಳಿದು ಎರಡೇ ಮಳೆಗಾಲದಲ್ಲಿ ಕಟ್ಟಿಬಿಡುತ್ತದೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಪಾರದರ್ಶಕ ಬಾಟಲಿಯ ಮೂರರಲ್ಲೊಂದು ಪಾಲು ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ಮರಳಿನ ಮೇಲೆ ಕೆನೆಯಂತೆ ಕೂತ ರಾಡಿಯನ್ನು ಅಳತೆಪಟ್ಟಿಯಿಂದ ಅಳೆಯಿರಿ. ಮರಳು 100 ಮಿ.ಮೀ. ಇದ್ದು ರಾಡಿ 5 ಮಿ.ಮೀ. ದಾಟಿದರೆ ಆ ಲಾರಿ ವಾಪಸ್. ಪ್ರತಿ ಲಾರಿಗೂ ಹೀಗೇ ಎಂದು ಕ್ಲಬ್ಬಿಗೆ ಬರೆದುಕೊಟ್ಟಿದ್ದೇವೆ. ಮೊದಲ ಲಾರಿ ಒಳ್ಳೆಯದನ್ನೇ ಕಳಿಸುವುದು ವ್ಯಾಪಾರದ ಹಳೇ ವರಸೆ. ನಿಮ್ಮ ಸೊಸೈಟಿಯ ಅಂಗಳಕ್ಕೂ ಇದೇ ಬಾಟಲಿ ಸಾಕು.

‘ಮೇಲೊಂದಿಷ್ಟು ಕೆಂಪು ಮಣ್ಣು ಹರಡಿ, ಹುಲ್ಲು ಹಸಿರಾಗಿ ಏಳುತ್ತದೆ’ ಎನ್ನುವವರು ಮೈದಾನಕ್ಕೂ ಬರುತ್ತಾರೆ, ನಿಮ್ಮ ಮನೆಗೂ ಬರುತ್ತಾರೆ. ಏಳುತ್ತದೆ, ಒಂದು ವರ್ಷ. ಆಮೇಲೆ ಮರಳಿನ ಬಾಯಿ ಮುಚ್ಚುತ್ತದೆ, ಮಣ್ಣಿನೊಂದಿಗೆ ಬಂದ ಜೇಕು ಕಳೆಯ ಗೆಡ್ಡೆ ಚಿಗುರುತ್ತದೆ. ಜೇಕನ್ನು ಎಳೆದರೆ ಎಲೆ ಕೈಗೆ, ಗೆಡ್ಡೆ ನೆಲಕ್ಕೆ.

ಎರಡನೆಯ ಮಾತು ಚಾವಣಿ. ಮೈದಾನದ ಉದ್ದ ಉತ್ತರ-ದಕ್ಷಿಣಕ್ಕಿದೆ, ಅದು ಸರಿ. ಸಂಜೆಯ ಪಂದ್ಯದಲ್ಲಿ ಗೋಲ್‌ಕೀಪರ್ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಆದರೆ ಪಶ್ಚಿಮದ ಚಾವಣಿಯನ್ನು ಮುಂದಕ್ಕೆ ಚಾಚಿದಷ್ಟೂ ಮಧ್ಯಾಹ್ನದ ನಂತರ ಆ ಕಡೆಯ ಅಂಚುಗೆರೆಗೆ ನೆರಳು. ಅಲ್ಲಿ ಗರಿಕೆ ತೆಳುವಾಗಿ, ಲೈನ್ಸ್‌ಮನ್ ಓಡುವ ಜಾಡಿನಲ್ಲಿ ಮೊದಲು ಮರಳು ಕಾಣುತ್ತದೆ. ಸದ್ಯ ಒಂದೇ ಚಾವಣಿ ಗ್ಯಾಲರಿ, ಉಳಿದ ಮೂರು ಕಡೆ ಮಣ್ಣಿನ ಏರಿಯ ಮೇಲೆ ಮೆಟ್ಟಿಲು ಸಾಕು ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ನೀರು; ನೆರೆಹೊರೆಯವರ ಆತಂಕವೂ ಇದೇ, ಅದು ನ್ಯಾಯವೂ ಹೌದು. ಬೇಸಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಅಂದರೆ 45,000 ಲೀಟರ್, 10,000 ಲೀಟರ್‌ನ ನಾಲ್ಕೂವರೆ ಟ್ಯಾಂಕರ್. ಗ್ಯಾಲರಿ ಚಾವಣಿ 60 × 12 ಮೀಟರ್ ಎಂದಿಟ್ಟುಕೊಂಡು, ವರ್ಷಕ್ಕೆ ಗೋವಾದಲ್ಲಿ ಬೀಳುವ ಸುಮಾರು 3,000 ಮಿ.ಮೀ. ಮಳೆಯನ್ನೆಲ್ಲ ಹಿಡಿದರೂ 21.6 ಲಕ್ಷ ಲೀಟರ್, 48 ದಿನದ ನೀರು. ‘ಮಳೆಕೊಯ್ಲಿನಲ್ಲೇ ಮೈದಾನ’ ಎಂಬ ಮಾತನ್ನು ಕ್ಲಬ್ಬು ಕೈಬಿಡುವುದು ಒಳ್ಳೆಯದು. ಅಕ್ಕಪಕ್ಕದ ವಸತಿ ಸಂಕೀರ್ಣಗಳ ಸಂಸ್ಕರಿಸಿದ ನೀರು ತರಬೇಕು. ಗರಿಕೆ ಅದನ್ನು ತಾಳಿಕೊಳ್ಳುತ್ತದೆ. ಊರಿನ ಕುಡಿಯುವ ನಲ್ಲಿಗೆ ಕೈಹಾಕಿದ ದಿನ ನಮ್ಮ ಒಪ್ಪಂದ ಮುಗಿಯಿತು ಎಂದು ಬರೆದೇ ಕೊಟ್ಟಿದ್ದೇವೆ. ಚರಂಡಿಯ ಬಾಯಿ ಕೆಳಗಿನ ಮನೆಗಳ ಕಡೆಗಲ್ಲದೆ ಕೆರೆಗುಂಡಿಗೆ ತೆರೆಯಬೇಕೆಂಬುದೂ ಅದೇ ಪತ್ರದಲ್ಲಿದೆ.

ಪಂಚಾಯತಿಗೆ ಬೆಂಬಲ ಪತ್ರ ಬರೆಯುವ ಮನಸ್ಸಿರುವವರು ‘ಕ್ಲಬ್ಬಿಗೆ ಜಯವಾಗಲಿ’ ಎಂದು ನಿಲ್ಲಿಸಬೇಡಿ. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಪಂದ್ಯದ ದಿನ ಬೈಕುಗಳು ಎಲ್ಲಿ, ವಾರದಲ್ಲಿ ಎಷ್ಟು ತಾಸು ಊರ ಮಕ್ಕಳಿಗೆ ಎಂದು ಕೇಳಿ ಬರೆಯಿರಿ. ಅಂಥ ಪತ್ರ ಯೋಜನೆಗೆ ಬಲ, ಕ್ಲಬ್ಬಿಗೆ ಕಡಿವಾಣ.

ಈಗ ನಿಮ್ಮ ಅಂಗಳಕ್ಕೆ ಬರೋಣ. ನೆರಳಿರುವ ಕಡೆ ಗರಿಕೆ ಮೊದಲೇ ಬೇಡವಾಗಿತ್ತು. ಮರದಡಿಗೆ, ಎರಡು ಕಟ್ಟಡದ ನಡುವಿನ ಜಾಗಕ್ಕೆ ಕಾರ್ಪೆಟ್ ಗ್ರಾಸ್ ಒಯ್ಯಿರಿ. ಬಿಸಿಲಿದ್ದು ತುಳಿತ ಕಡಿಮೆ ಇದ್ದರೆ ಮೆಕ್ಸಿಕನ್. ಮಕ್ಕಳು ಚೆಂಡಾಡುವ ಜಾಗಕ್ಕೆ ಮಾತ್ರ ಮೆಕ್ಸಿಕನ್ ಹಾಕಬೇಡಿ. ಅದು ಹರಡುವುದು ನಿಧಾನ, ಕಿತ್ತ ಕಡೆ ತಿಂಗಳುಗಟ್ಟಲೆ ಬೋಳಾಗಿರುತ್ತದೆ. ಅಂಥವರು ಫೆಬ್ರವರಿವರೆಗೆ ಕಾಯುವುದೇ ಲೇಸು.

ಆಗಲೂ ಚಾಪೆಯ ಬದಲು ಕಡ್ಡಿ ಚೀಲ ತೆಗೆದುಕೊಂಡರೆ ಅಗ್ಗ. ಎರಡು-ಮೂರು ಗೆಣ್ಣಿರುವ ತುಂಡು, ಮೂರರಲ್ಲಿ ಎರಡು ಪಾಲು ಮಣ್ಣೊಳಗೆ, ಒಂದು ಪಾಲು ಹೊರಗೆ. ಪೂರ್ತಿ ಹೂತರೆ ಕೊಳೆಯುತ್ತದೆ, ಮೇಲೆ ಚೆಲ್ಲಿದರೆ ಒಣಗುತ್ತದೆ. ಚೀಲವನ್ನು ಒದ್ದೆ ಗೋಣಿಯಡಿ ನೆರಳಲ್ಲಿಟ್ಟು ಅಂದೇ ನೆಡಿ. ರಾಶಿ ಹಾಕಿದ ಕಡ್ಡಿಯೊಳಗೆ ಕೈಯಿಟ್ಟು ನೋಡಿ, ಬಿಸಿ ಹತ್ತಿದ್ದರೆ ಅರ್ಧ ಸತ್ತಂತೆ. ಮೊದಲ ಹತ್ತು ದಿನ ದಿನಕ್ಕೆ ಆರೇಳು ಬಾರಿ ತೆಳ್ಳಗೆ ನೀರು, ಬೇರು ಹಿಡಿದ ಮೇಲೆ ಬೆಳಿಗ್ಗೆ ಒಮ್ಮೆ. ಸಂಜೆ ನೀರು ಹಾಕಿದರೆ ಇಲ್ಲಿನ ತೇವದಲ್ಲಿ ಬೂಷ್ಟು ಗ್ಯಾರಂಟಿ. ಕತ್ತರಿಸುವಾಗ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಮೈದಾನಕ್ಕೆ 25 ಮಿ.ಮೀ. ಇಡುತ್ತೇವೆ, ಮನೆಗೆ 35 ಇರಲಿ.

ಚೌತಿಗೆ ಗರಿಕೆ ಕೇಳುವವರು ಗಾಬರಿಯಾಗಬೇಡಿ. ಗಣಪನಿಗೆ ಬೇಕಾದದ್ದು ಬೇಲಿಬದಿಯ ನಾಡುಗರಿಕೆ, ಈ ಹೈಬ್ರಿಡ್ ಅಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎಂಟರಿಂದ ಗೇಟಿನ ಹತ್ತಿರ ಬುಟ್ಟಿಯಲ್ಲಿ ಇಟ್ಟಿರುತ್ತೇವೆ, ದುಡ್ಡಿಲ್ಲ. ಮನೆಗೊಂದು ಕಟ್ಟು ಒಯ್ಯಿರಿ.

ಇಂತಿ,
ಆಡಳಿತ ಮಂಡಳಿ ಮತ್ತು ನರ್ಸರಿ ಸಿಬ್ಬಂದಿ, ವಾಸ್ಕೋ