ಕಾರ್ಟೂನ್ ಎಂದಮಾತ್ರಕ್ಕೆ ಮಕ್ಕಳದ್ದಲ್ಲ

ಮಾನ್ಯ ಸಂಪಾದಕರಿಗೆ,

ಮಳೆಯಿಂದಾಗಿ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ಮಕ್ಕಳು ಮೊಬೈಲಿನಲ್ಲಿ ಒಂದು ಕುಟುಂಬದ ಕಥೆ ಹೇಳುವ ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ ನೋಡಿ ಎದುರು ಮಾತಾಡುವುದನ್ನು ಕಲಿಯುತ್ತಿದ್ದಾರೆ ಎಂಬ ದೂರನ್ನು ನಮ್ಮ ಕಡೆಯ ಕೆಲವು ಮನೆಗಳಲ್ಲಿ ಕೇಳಿದ್ದೇನೆ. ದೂರು ಹೊಸದಲ್ಲ. 1989ರ ಡಿಸೆಂಬರ್‌ನಲ್ಲಿ ಧಾರಾವಾಹಿ ಆರಂಭವಾದ ಮರುವರ್ಷವೇ, ಅದರ ಹತ್ತು ವರ್ಷದ ತುಂಟ ಬಾರ್ಟ್‌ನ ಚಿತ್ರವಿದ್ದ ಅಂಗಿಗಳನ್ನು ಅಮೆರಿಕದ ಕೆಲವು ಶಾಲೆಗಳು ನಿಷೇಧಿಸಿದ್ದವು. 1992ರಲ್ಲಿ ಅಂದಿನ ಅಧ್ಯಕ್ಷ ಬುಷ್ ಅವರೇ ಈ ಕುಟುಂಬವನ್ನು ಭಾಷಣದಲ್ಲಿ ಟೀಕಿಸಿದರು. ಮೂರೇ ದಿನಗಳಲ್ಲಿ ಧಾರಾವಾಹಿ ತೆರೆಯ ಮೇಲೆಯೇ ಕುಚೋದ್ಯದ ಉತ್ತರ ಕೊಟ್ಟಿತು.

ಮನೆಯ ಯಜಮಾನ ಹೋಮರ್ ಸೋಮಾರಿ, ತಿಂಡಿಪೋತ, ಸಿಟ್ಟು ಬಂದರೆ ಮಗನ ಕುತ್ತಿಗೆಗೆ ಕೈ ಹಾಕುವವನು ಎಂಬುದೆಲ್ಲ ನಿಜ. ಆದರೆ ಅಣುವಿದ್ಯುತ್ ಸ್ಥಾವರದ ಕೆಲಸವನ್ನು ಠೀವಿಯಿಂದ ಬಿಟ್ಟುಹೋಗಿ, ಮೂರನೆಯ ಮಗು ಬರಲಿದೆಯೆಂಬ ಕಾರಣಕ್ಕೆ ತಲೆತಗ್ಗಿಸಿ ಮರಳುವ ಇದೇ ಹೋಮರ್, ‘ಮರೆಯಬೇಡ, ನೀನು ಇಲ್ಲಿ ಶಾಶ್ವತ’ ಎಂದು ಹಂಗಿಸಲು ಮಾಲೀಕ ಹಾಕಿಸಿದ ಫಲಕದ ಮೇಲೆ ಮಗು ಮ್ಯಾಗಿಯ ಫೋಟೊಗಳನ್ನು ಅಂಟಿಸುತ್ತಾನೆ. ಮುಚ್ಚದೆ ಉಳಿದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದರೆ ‘ಅವಳಿಗಾಗಿ ಮಾಡು’ ಎಂದಾಗುತ್ತದೆ. ಈ ದೃಶ್ಯ ತಟ್ಟುವುದು ಮನಸ್ಸಿಲ್ಲದ ಕೆಲಸವನ್ನು ಸಂಬಳಕ್ಕಾಗಿ ಮಾಡಿದವರಿಗೆ, ಆರು ವರ್ಷದ ಮಗುವಿಗಲ್ಲ. ಇದು ದೊಡ್ಡವರಿಗಾಗಿ ಬರೆದ ಹಾಸ್ಯವೆಂಬುದನ್ನು ನಾವು ಗಮನಿಸಿಯೇ ಇಲ್ಲ.

ಹಾಗೆ ನೋಡಿದರೆ, ಯಕ್ಷಗಾನದ ಹಾಸ್ಯಗಾರ ರಾಜನನ್ನು ಎದುರಿಗೇ ಗೇಲಿ ಮಾಡುವುದನ್ನು ಕಂಡು ನಕ್ಕವರಿಗೆ ಹಿರಿಯರ ಅಣಕ ಹೊಸತೇನಲ್ಲ. ಆಟ ನೋಡುವಾಗ ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ಇರುತ್ತಿದ್ದರು, ಅಷ್ಟೇ. ನನಗೆ ಆಕ್ಷೇಪವಿರುವುದು ಈ ಧಾರಾವಾಹಿಯ ಅಂಗಡಿಕಾರ ಅಪು ಎಂಬ ಭಾರತೀಯನ ಪಾತ್ರದ ಬಗ್ಗೆ. ಅದಕ್ಕೆ ಅಣಕದ ಉಚ್ಚಾರಣೆಯಲ್ಲಿ ದನಿ ಕೊಡುತ್ತಿದ್ದ ಬಿಳಿಯ ನಟ ಹ್ಯಾಂಕ್ ಅಝೇರಿಯಾ, ಟೀಕೆಗಳ ನಂತರ 2020ರಲ್ಲಿ ಹಿಂದೆ ಸರಿದರು.

ಒಟಿಟಿ ವೇದಿಕೆಗಳು ಕಾರ್ಯಕ್ರಮಗಳಿಗೆ 7+, 13+, 16+ ಎಂಬಂತೆ ವಯೋಮಿತಿ ನಮೂದಿಸಬೇಕೆಂದೂ, 13+ ಹಾಗೂ ಮೇಲ್ಪಟ್ಟವುಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕೆಂದೂ ಕೇಂದ್ರದ 2021ರ ನಿಯಮಗಳು ಹೇಳುತ್ತವೆ. ಮಳೆ ಹೊಳವಾದೊಡನೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ಅಡಿಕೆಗೆ ಔಷಧಿ ಹೊಡೆಸಲು ತೋಟಕ್ಕೆ ಓಡುವ ಪೋಷಕರಿಗೆ ಆ ಸಣ್ಣ ಗುರುತು ಕಾಣುವುದಿಲ್ಲ. ಆದ್ದರಿಂದ ಇಂಥ ಕಾರ್ಯಕ್ರಮಗಳ ಬಗ್ಗೆ ಬರೆಯುವಾಗಲೆಲ್ಲ ತಮ್ಮ ಪತ್ರಿಕೆಯು ಹೆಸರಿನ ಪಕ್ಕದಲ್ಲೇ ವಯೋಮಿತಿಯನ್ನೂ ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ತೀರ್ಥಹಳ್ಳಿ